ಫರಸಿ ಕಲ್ಲಿನ ಸೀಮೆಯ ಕೋಳಿಗೂಡು

ಚಿಂಚೋಳಿ

ಪ್ರೀತಿಯ ಅಕ್ಕನಿಗೆ,

ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕುವ ಆಸೆ, ಮುಂಗುಸಿಯ ಭಯ ಎಂದು ಬರೆದಿದ್ದೆಯಲ್ಲ, ಈ ಪತ್ರ ಪೂರ್ತಿ ಅದಕ್ಕೇ ಮೀಸಲು. ಈ ಸೀಮೆಯವರು ಅದಕ್ಕೆ ಗಟ್ಟಿ ಉಪಾಯ ಕಂಡುಕೊಂಡಿದ್ದಾರೆ.

ಕಲಬುರಗಿ ಬಿಟ್ಟ ರೈಲು ಶಹಾಬಾದ್ ಹತ್ತಿರವಾಗುತ್ತಿದ್ದಂತೆ ಕಲ್ಲಿನ ಸೀಮೆ ಶುರು. ಇಲ್ಲಿನ ಸುಣ್ಣಕಲ್ಲು ಪದರು ಪದರಾಗಿ ಏಳುತ್ತದೆ, ಉಳಿ ಸುತ್ತಿಗೆ ಸಾಕು. ಊರೂರಿನ ಮನೆಗಳ ನೆಲಕ್ಕೆ ಹೋಗುವ ಶಹಾಬಾದ್ ಕಲ್ಲು ಇಲ್ಲಿಯವರಿಗೆ ಗೋಡೆ, ಮಾಡು, ಬೇಲಿ, ದನದ ಗೋದಲಿ ಎಲ್ಲವೂ ಹೌದು. ಕೋಳಿಗೂಡೂ ಅದರದ್ದೇ.

ಚಿತ್ತಾಪುರದ ಕಡೆಯ ಒಂದು ಹಿತ್ತಿಲಲ್ಲಿ ಅಂಥ ಗೂಡಿದೆ. ಬುಡಕ್ಕೆ ಒಂದು ಫರಸಿ (ಹಾಸುಗಲ್ಲಿನ ಚಪ್ಪಡಿ), ಮೂರು ಬದಿಗೆ ನಿಲ್ಲಿಸಿದ ಮೂರು ಫರಸಿ, ಮೇಲೆ ಚಾಚಿಕೊಂಡ ಒಂದು ಫರಸಿ. ಸಂದುಗಳಿಗೆ ಸಿಮೆಂಟು ಮೆತ್ತಿದ್ದಾರೆ, ಇಲಿ ಮೂತಿ ತೂರಿಸಲೂ ಜಾಗವಿಲ್ಲ. ಮುಂದುಗಡೆ ಕಬ್ಬಿಣದ ಚೌಕಟ್ಟಿಗೆ ವೆಲ್ಡ್ ಮೆಶ್ ಬಿಗಿದ ಬಾಗಿಲು, ಅದಕ್ಕೆ ಮೇಲೊಂದು ಕೆಳಗೊಂದು ಚಿಲಕ. ಹಿಂದಿನ ಕಲ್ಲಿಗೂ ಮಾಡಿಗೂ ನಡುವೆ ಗೇಣು ಜಾಗ ಬಿಟ್ಟು, ಅಲ್ಲಿಗೂ ಅದೇ ಜಾಲರಿ ಹಾಕಿದ್ದಾರೆ.

ಆ ಗೇಣು ಜಾಗದ ಮಹತ್ವ ಮೇ ತಿಂಗಳಲ್ಲಿ ತಿಳಿಯುತ್ತದೆ. ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಸುತ್ತ ಕಲ್ಲು ಕಟ್ಟಿ ಗಾಳಿ ತಡೆದರೆ ಕಳ್ಳಪ್ರಾಣಿಯಿಂದ ಉಳಿದದ್ದು ಸೆಕೆಗೆ ಸಾಯುತ್ತದೆ. ಅದಕ್ಕೇ ಗೂಡು ಬೇವಿನ ನೆರಳಿನಲ್ಲಿದೆ, ಮಾಡಿಗೆ ಸುಣ್ಣ ಬಳಿದಿದ್ದಾರೆ.

ಯಾರು ಬಂದು ಹೋದರೆಂದು ಉಳಿದ ಗುರುತಿನಿಂದಲೇ ಅಂದಾಜು ಮಾಡುತ್ತಾರೆ. ಗೂಡಿನ ತುಂಬ ಸತ್ತ ಕೋಳಿ ಬಿದ್ದಿದ್ದು ಒಂದನ್ನೂ ತಿಂದಿಲ್ಲವೆಂದರೆ ಅನುಮಾನ ನಾಯಿಯ ಮೇಲೆ. ಇಡೀ ಕೋಳಿಯೇ ಮಾಯವಾಗಿ ಪುಕ್ಕ ಮಾತ್ರ ಉಳಿದರೆ ನರಿ ಅಥವಾ ಕಾಡುಬೆಕ್ಕು. ಸಿಪ್ಪೆಯೂ ಉಳಿಯದಂತೆ ಮೊಟ್ಟೆ ಹೋದರೆ ಹಾವು. ಮುಂಗುಸಿ ಕುತ್ತಿಗೆಗೇ ಬಾಯಿ ಹಾಕುತ್ತದೆ, ಅದೂ ಹಾಡಹಗಲೇ. ರಾತ್ರಿಯ ಚಿಲಕವೊಂದನ್ನೇ ನಂಬಿ ಕೂರುವಂತಿಲ್ಲ.

ಚಿತ್ತಾಪುರಕ್ಕೆ ಬರುವ ಮೊದಲು ಸಿಗುವ ವಾಡಿ, ಸಿಕಂದರಾಬಾದಿನಿಂದ 1874ರಲ್ಲಿ ಬಂದ ನಿಜಾಮರ ರೈಲುದಾರಿ ಕೂಡಿಕೊಂಡ ಜಂಕ್ಷನ್. ಈಗ ಸಿಮೆಂಟಿನ ಊರು. ಇಂಥ ಊರುಗಳಲ್ಲಿ ನರಿಗಿಂತ ಬೀದಿನಾಯಿಯ ಕಾಟ ದೊಡ್ಡದು. ಆರು ಮೂಲೆ ಕಣ್ಣಿನ ಅಗ್ಗದ ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ಹಲ್ಲಿಗೆ ಸಿಕ್ಕರೆ ಹರಿದುಹೋಗುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಬೇಕು. ಕೋಳಿ ಅಡ್ಡಾಡುವ ಅಂಗಳಕ್ಕೆ ಬೇಲಿಯ ಬುಡದಿಂದ ಹೊರಕ್ಕೆ ಒಂದೂವರೆ ಅಡಿ ಫರಸಿ ಹಾಸಬೇಕು. ತೋಡುವ ಪ್ರಾಣಿ ಬೇಲಿಯ ಬುಡದಲ್ಲೇ ಉಗುರು ಹಾಕುತ್ತದೆ, ಕಲ್ಲು ಸಿಕ್ಕರೆ ಅಲ್ಲಿಗೆ ಕೈಬಿಡುತ್ತದೆ.

ಸೇಡಂ ತೊಗರಿಯ ನಾಡು. ಬೆಳೆ ನಿಂತಿರುವವರೆಗೆ ಮರಿಗಳಿಗೆ ಮರೆ ಇರುತ್ತದೆ. ರಾಶಿ ಮುಗಿದು ಹೊಲ ಬಯಲಾದ ಮೇಲೆ ಹದ್ದು, ಗಿಡುಗಗಳಿಗೆ ಎಲ್ಲವೂ ಕಾಣುತ್ತದೆ. ಆಗ ತೊಗರಿ ಕಟ್ಟಿಗೆಯ ಬುಟ್ಟಿಯನ್ನು ಮರಿಗಳ ಮೇಲೆ ಬೋರಲು ಹಾಕಿ, ಮೇಲೊಂದು ಕಲ್ಲು ಇಡುತ್ತಾರೆ. ತಳಿಯ ಆಯ್ಕೆಯೂ ಮುಖ್ಯ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಗಿರಿರಾಜ ಭಾರೀ ಮೈಯ ಕೋಳಿ. 2005ರಲ್ಲಿ ಬಂದ ಸ್ವರ್ಣಧಾರ ಅದಕ್ಕಿಂತ ಹಗುರ, ಬೆಕ್ಕು ನರಿ ಬೆನ್ನು ಹತ್ತಿದರೆ ತಪ್ಪಿಸಿಕೊಳ್ಳುವುದು ಅದಕ್ಕೆ ಸುಲಭ. ವರ್ಷಕ್ಕೆ ಸುಮಾರು 180 ಮೊಟ್ಟೆಯನ್ನೂ ಇಡುತ್ತದೆ. ನಿನ್ನ ಹಿತ್ತಿಲಿಗೆ ಅದೇ ಸರಿ.

ಚಿಂಚೋಳಿಯಲ್ಲಿ ಕಾಡು ಹತ್ತಿರ. 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮ ಸುಮಾರು 135 ಚದರ ಕಿಲೋಮೀಟರ್ ಹಬ್ಬಿದೆ. ತೋಳ, ಕತ್ತೆಕಿರುಬ, ನರಿಗಳ ಮನೆ ಅದು. ಅದರ ಆಸುಪಾಸಿನ ಲಂಬಾಣಿ ತಾಂಡಾಗಳಲ್ಲಿ ಮನೆ ಮುಂದೆ ಕೋಳಿ ಅಡ್ಡಾಡುವುದು ನಿತ್ಯದ ನೋಟ. ಕೋಳಿ ಹೋದ ಸಿಟ್ಟಿಗೆ ವಿಷ ಇಡುವುದು, ಉರುಲು ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ವಿಷದ ತುಂಡು ನರಿಯನ್ನಷ್ಟೇ ಕೊಲ್ಲುವುದಿಲ್ಲ, ಊರ ನಾಯಿಯನ್ನೂ ಹದ್ದನ್ನೂ ಕೊಲ್ಲುತ್ತದೆ. ಹೊಲದ ಇಲಿ ಹಿಡಿಯುವುದೂ ಇದೇ ನರಿ, ಇದೇ ಕಾಡುಬೆಕ್ಕು. ಅವುಗಳ ಹಸಿವನ್ನು ನಾವು ಅಳಿಸಲಾರೆವು, ನಮ್ಮ ಬಾಗಿಲನ್ನು ಭದ್ರ ಮಾಡಬಲ್ಲೆವು.

ಅಕ್ಕ, ಕೋಳಿ ತರುವ ಮುಂಚೆ ಗೂಡು ಕಟ್ಟಿಸು, ಗೂಡಿಗೂ ಮುಂಚೆ ನೆಲಕ್ಕೆ ಕಲ್ಲು ಹಾಸಿಸು. ಸಂಜೆ ಮೊಟ್ಟೆ ಎತ್ತಿಟ್ಟು, ಕತ್ತಲಾಗುವ ಮೊದಲೇ ಕೋಳಿ ಎಣಿಸಿ ಒಳಗೆ ಹಾಕು, ಎರಡೂ ಚಿಲಕ ಹಾಕು. ಮಕ್ಕಳಿಗೂ ಈ ರೂಢಿ ಹಚ್ಚು.

ನಿನ್ನ ತಮ್ಮ