ವೇತನವೋ, ದಾನವೋ?

ಸರ್ಕಾರಿ ಕಾಗದಪತ್ರಗಳ ಕನ್ನಡವನ್ನು ರಸಿಕರಾರೂ ಪ್ರೀತಿಯಿಂದ ಓದುವುದಿಲ್ಲ. ಆದರೂ ಆ ಒಣಭಾಷೆಯಲ್ಲಿ ಒಮ್ಮೊಮ್ಮೆ ಒಂದು ಶಬ್ದ ತನಗರಿಯದಂತೆಯೇ ದೊಡ್ಡ ಸತ್ಯವೊಂದನ್ನು ನುಡಿದುಬಿಡುವುದುಂಟು. ಜನರು ‘ಪಿಂಚಣಿ’ ಎನ್ನುವುದನ್ನು ಕಚೇರಿಯ ಕನ್ನಡ ‘ನಿವೃತ್ತಿ ವೇತನ’ ಎನ್ನುತ್ತದೆ. ನೌಕರನು ತೀರಿಕೊಂಡ ಮೇಲೆ ಅವನ ಮಡದಿಗೆ ಬರುವುದನ್ನು ‘ಕುಟುಂಬ ನಿವೃತ್ತಿ ವೇತನ’ ಎನ್ನುತ್ತದೆ. ವೇತನವೆಂದರೆ ದುಡಿಮೆಯ ಬೆಲೆ. ಆದರೆ ಅದೇ ಭಾಷೆ ಒಟ್ಟಾಗಿ ಕೈಗೆ ಬರುವ ಗ್ರಾಚ್ಯುಟಿಯನ್ನು ‘ಉಪದಾನ’ ಎಂದು ಕರೆದಿದೆ. ದಾನವೆಂಬ ಮಾತು ಅಲ್ಲಿ ಮೆಲ್ಲಗೆ ಒಳಹೊಕ್ಕಿದೆ. ಇನ್ನು ಅಂಥ ಮನೆಯ ಮಗನಿಗೋ ಮಗಳಿಗೋ ಸಿಗಬಹುದಾದ ನೌಕರಿಗೆ ‘ಅನುಕಂಪದ ಆಧಾರದ ನೇಮಕಾತಿ’ ಎಂದು ಹೆಸರು. ವೇತನ, ದಾನ, ಅನುಕಂಪ: ಗಂಡನನ್ನು ಕಳೆದುಕೊಂಡ ಹೆಣ್ಣೊಬ್ಬಳು ಕಚೇರಿಯ ಮೆಟ್ಟಿಲೇರುವಾಗ ಈ ಮೂರು ಶಬ್ದಗಳೂ ಅವಳ ಬೆನ್ನುಹತ್ತಿರುತ್ತವೆ. ತಾನು ಕೇಳುತ್ತಿರುವುದು ಇವುಗಳಲ್ಲಿ ಯಾವುದನ್ನು ಎಂಬುದು ತಿಳಿದಿದ್ದರೆ, ಅವಳು ಆ ಮೇಜಿನ ಮುಂದೆ ನಿಲ್ಲುವ ರೀತಿಯೇ ಬೇರೆಯಾಗುತ್ತದೆ.

ಹಳ್ಳಿಯ ಶಾಲೆಯಲ್ಲಿ ಇಪ್ಪತ್ತೈದು ವರ್ಷ ಪಾಠ ಹೇಳಿದ ಮಾಸ್ತರರೊಬ್ಬರು ಸೇವೆಯಲ್ಲಿರುವಾಗಲೇ ತೀರಿಕೊಂಡರೆಂದು ಭಾವಿಸೋಣ. ಉತ್ತರಕ್ರಿಯೆ ಮುಗಿದು, ನೆಂಟರಿಷ್ಟರು ತೆರಳಿ, ಮನೆ ಬರಿದಾದ ಮೇಲೆ ಅವರ ಮಡದಿ ಮರಣ ಪ್ರಮಾಣಪತ್ರ, ವಂಶವೃಕ್ಷ, ಬ್ಯಾಂಕಿನ ಪಾಸ್‌ಬುಕ್ಕು, ಇಬ್ಬರೂ ಕೂಡಿ ತೆಗೆಸಿಕೊಂಡ ಒಂದೇ ಒಂದು ಭಾವಚಿತ್ರ ಇವಿಷ್ಟನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಾರೆ. ಅದುವರೆಗೆ ಅವರು ಒಳಹೊಕ್ಕು ನೋಡದಿದ್ದ ಕಚೇರಿ ಅದು. “ಸಾಹೇಬರು ಮೀಟಿಂಗಿಗೆ ಹೋಗಿದ್ದಾರಮ್ಮ, ಸೋಮವಾರ ಬನ್ನಿ” ಎಂಬ ಮಾತು ಕೇಳಿ ಹಿಂದಿರುಗುತ್ತಾರೆ. ಮರಳಿ ಬಂದಾಗ ಸೇವಾ ಪುಸ್ತಕದಲ್ಲಿ ಒಂದು ನಮೂದು ಇಲ್ಲವೆಂದು ತಿಳಿಯುತ್ತದೆ. ಎಂದೋ ಇನ್ನೊಂದು ತಾಲ್ಲೂಕಿನಲ್ಲಿದ್ದಾಗ ಪಡೆದ ರಜೆಯ ಲೆಕ್ಕಕ್ಕೆ ಯಾರೋ ಸಹಿ ಹಾಕಲು ಮರೆತಿದ್ದಾರೆ. ಮರೆತವರು ಬೇರೆ, ಅಲೆಯುವವರು ಬೇರೆ. ಕೊನೆಗೆ ಆಕೆ ಕೈಜೋಡಿಸಿ, “ಸ್ವಾಮಿ, ಮಕ್ಕಳೊಂದಿಗಳು, ಏನಾದರೂ ದಯೆ ತೋರಿಸಿ” ಎನ್ನುತ್ತಾರೆ.

ಗುಮಾಸ್ತರೆಲ್ಲರೂ ಕಠಿಣಹೃದಯರೆಂದಲ್ಲ. ರಾಜ್ಯ ಸರ್ಕಾರಿ ನೌಕರನ ಕಡತ ಅವನ ಕಚೇರಿಯಿಂದ ಹೊರಟು ಬೆಂಗಳೂರಿನ ಮಹಾಲೇಖಪಾಲರ ಕಚೇರಿಯನ್ನು ಮುಟ್ಟಿ, ಅಲ್ಲಿಂದ ಆದೇಶವಾಗಿ ಖಜಾನೆಗೆ ಬರಬೇಕು. ನಮೂದು ತಪ್ಪಿದ ಕಡತವನ್ನು ಕಳುಹಿಸಿದರೆ ಅದು ಆಕ್ಷೇಪಣೆಯ ಚೀಟಿಯೊಡನೆ ಹಿಂದಿರುಗುವುದೆಂಬ ಭಯ ಅವರಿಗೂ ಇರುತ್ತದೆ. ಆದರೂ ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದುದಲ್ಲ. ಇಲ್ಲಿ ಯೋಚಿಸಬೇಕಾದುದು ಆಕೆಯ ಬಾಯಿಂದ ಹೊರಟ ‘ದಯೆ’ ಎಂಬ ಮಾತನ್ನು. ಅದು ಆಕೆಯ ಸ್ವಂತ ಮಾತಲ್ಲ. ಒಂದು ಹಳೆಯ ಕಾಲ ಆಕೆಯ ನಾಲಗೆಯಲ್ಲಿ ಬಿಟ್ಟುಹೋದ ಮಾತು.

ಬ್ರಿಟಿಷರ ಕಾಲದಲ್ಲಿ ಪಿಂಚಣಿ ನಿಜವಾಗಿಯೂ ದೊರೆಯ ಕೃಪೆಯಾಗಿತ್ತು. 1871ರ ಪಿಂಚಣಿ ಅಧಿನಿಯಮ ಒಂದು ಕೈಯಿಂದ ರಕ್ಷಣೆ ಕೊಟ್ಟಿತು: ಸಾಲ ಕೊಟ್ಟವನು ಪಿಂಚಣಿಯನ್ನು ಜಪ್ತಿ ಮಾಡಿಸುವಂತಿಲ್ಲ. ಇನ್ನೊಂದು ಕೈಯಿಂದ ಬಾಗಿಲು ಮುಚ್ಚಿತು: ಸರ್ಕಾರ ಕೊಡುವ ಪಿಂಚಣಿಯ ಬಗ್ಗೆ ಸಿವಿಲ್ ನ್ಯಾಯಾಲಯದಲ್ಲಿ ಸುಲಭವಾಗಿ ದಾವೆ ಹೂಡುವಂತಿಲ್ಲ. ಸ್ವಾತಂತ್ರ್ಯಾನಂತರವೂ ಈ ಭಾವನೆ ಬಹುಕಾಲ ಉಳಿಯಿತು. 1971ರಲ್ಲಿ ಬಿಹಾರದ ನೌಕರರೊಬ್ಬರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ನಿವೃತ್ತಿ ವೇತನ ಸರ್ಕಾರದ ಇಚ್ಛೆಯನ್ನು ಅವಲಂಬಿಸಿದ ಕೊಡುಗೆಯಲ್ಲ, ನೌಕರನ ಹಕ್ಕು, ಅವನ ಆಸ್ತಿ ಎಂದು ಸಾರಿತು. 1982ರ ಡಿಸೆಂಬರ್ 17ರಂದು ಡಿ. ಎಸ್. ನಕಾರಾ ಅವರ ಪ್ರಕರಣದಲ್ಲಿ ಐವರು ನ್ಯಾಯಾಧೀಶರ ಪೀಠ ಅದೇ ಮಾತನ್ನು ಇನ್ನಷ್ಟು ವಿಸ್ತಾರವಾಗಿ ಹೇಳಿತು. ನಿವೃತ್ತರು ಆ ದಿನವನ್ನು ಇಂದಿಗೂ ತಮ್ಮ ದಿನವೆಂದು ಆಚರಿಸುತ್ತಾರೆ. 1984ರಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಗ್ರಾಚ್ಯುಟಿಯೂ ದಾನವಲ್ಲವೆಂದೂ, ಕಚೇರಿಯ ತಪ್ಪಿನಿಂದ ಈ ಹಣ ತಡವಾದರೆ ಬಡ್ಡಿ ಕೊಡಬೇಕೆಂದೂ ತೀರ್ಪಾಯಿತು. ಹೀಗೆ ‘ಉಪದಾನ’ದೊಳಗಿನ ದಾನವನ್ನು ನ್ಯಾಯಾಲಯವೇ ಹೊಡೆದುಹಾಕಿತು. ಶಬ್ದ ಮಾತ್ರ ಕಾಗದದಲ್ಲಿ ಹಾಗೆಯೇ ಉಳಿದಿದೆ.

ವಿಧವೆಯರ ಪಾಲಿಗೆ ಈ ದಾರಿ ಇನ್ನೂ ನಿಧಾನವಾಗಿತ್ತು. ಕೇಂದ್ರ ಸರ್ಕಾರದ ಕುಟುಂಬ ಪಿಂಚಣಿ ಯೋಜನೆ ಬಂದುದು 1964ರಲ್ಲಿ. ಅದಕ್ಕಾಗಿ ನೌಕರನು ತನ್ನ ಗ್ರಾಚ್ಯುಟಿಯಲ್ಲಿ ಎರಡು ತಿಂಗಳ ವೇತನದಷ್ಟನ್ನು ಬಿಟ್ಟುಕೊಡಬೇಕಾಗಿತ್ತು. 1977ರಲ್ಲಿ ಆ ಷರತ್ತು ಹೋಯಿತು. ಆದರೆ 1964ಕ್ಕೆ ಮುಂಚಿನವರ ಮಡದಿಯರು ಹೊರಗೇ ಉಳಿದಿದ್ದರು. ಒಂದೇ ಬೀದಿಯ ಇಬ್ಬರು ವಿಧವೆಯರಲ್ಲಿ ಒಬ್ಬಳಿಗೆ ಅನ್ನ, ಇನ್ನೊಬ್ಬಳಿಗೆ ಇಲ್ಲ; ವ್ಯತ್ಯಾಸ ಪಂಚಾಂಗದ ಒಂದು ದಿನಾಂಕ ಮಾತ್ರ. 1985ರಲ್ಲಿ, ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದ ಮೇಲೆ, ಅವರಿಗೂ ಪಾಲು ದೊರೆಯಿತು. ಇಂದು ಕೇಂದ್ರದ ನಿಯಮದಂತೆ ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ಮೂಲವೇತನದ ನೂರಕ್ಕೆ 30ರಷ್ಟು. ಸೇವೆಯಲ್ಲಿರುವಾಗಲೇ ಸತ್ತರೆ ಮೊದಲ 10 ವರ್ಷ ನೂರಕ್ಕೆ 50. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದೀಚೆಗೆ ಸೇವೆಗೆ ಸೇರಿದವರಿಗೆ ಹೊಸ ಪಿಂಚಣಿ ವ್ಯವಸ್ಥೆ ಬಂದುದರಿಂದ ಅಂಥ ಮನೆಯವರು ತಮಗೆ ಅನ್ವಯಿಸುವ ಆದೇಶವನ್ನು ಬೇರೆಯಾಗಿಯೇ ವಿಚಾರಿಸಬೇಕು.

ಕಚೇರಿಯನ್ನು ಗೆದ್ದರೂ ಮನೆಯನ್ನು ಗೆಲ್ಲಬೇಕಲ್ಲ! ಮೈದುನನು ಉಯಿಲೊಂದನ್ನು ಹೊರತೆಗೆಯುತ್ತಾನೆ. ಎಂದೋ ತುಂಬಿದ ನಾಮನಿರ್ದೇಶನದ ನಮೂನೆಯಲ್ಲಿ ಬೇರೆಯವರ ಹೆಸರು ಕಾಣುತ್ತದೆ. 1991ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ರೈಲ್ವೆ ನೌಕರನೊಬ್ಬನ ವಿಷಯ ಇಂಥದೇ. ಅವನ ಸಹೋದರ ಉಯಿಲಿನ ಬಲದಿಂದ ಹಕ್ಕು ಹೂಡಿದ್ದ. ಕುಟುಂಬ ಪಿಂಚಣಿ ಸತ್ತವನ ಸ್ವತ್ತೇ ಅಲ್ಲ, ಆದುದರಿಂದ ಅದನ್ನು ಉಯಿಲು ಬರೆದು ಬೇರೆಯವರಿಗೆ ಕೊಡುವಂತಿಲ್ಲ ಎಂದಿತು ನ್ಯಾಯಾಲಯ. ಅದು ನಿಯಮದಿಂದಲೇ ಮಡದಿಗೆ ಸಲ್ಲುವುದು. ಗಂಡ ಮುನಿದರೂ ಕಿತ್ತುಕೊಳ್ಳಲಾರ.

ಭವಿಷ್ಯನಿಧಿಯಂಥ ಉಳಿತಾಯದ ದಾರಿ ಬೇರೆ. 2009ರಲ್ಲಿ ತೀರ್ಮಾನವಾದ ಒಂದು ಪ್ರಕರಣದಲ್ಲಿ ಬ್ಯಾಂಕ್ ನೌಕರನೊಬ್ಬ ಮದುವೆಗೆ ಮುಂಚೆ ತಾಯಿಯ ಹೆಸರು ಬರೆದಿದ್ದ. ಮದುವೆಯಾದ ಮೇಲೆ ಬದಲಿಸಲಿಲ್ಲ. ನಾಮಿನಿ ಎಂದರೆ ಹಣವನ್ನು ಪಡೆಯುವ ಕೈ ಮಾತ್ರ, ಒಡೆತನ ವಾರಸುದಾರರದೆಂದು ಹೇಳಿ ನ್ಯಾಯಾಲಯ ತಾಯಿಗೂ ಮಡದಿಗೂ ಸಮಪಾಲು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಲ್ಲಿ ಮಡದಿ, ಮಕ್ಕಳು, ತಾಯಿ ಒಂದೇ ಪಂಕ್ತಿಯವರು. ಅತ್ತೆಸೊಸೆಯರು ಈ ಲೆಕ್ಕವನ್ನು ಅರಿತಿದ್ದರೆ ಎಷ್ಟೋ ಮನೆಗಳ ಒಲೆ ಎರಡಾಗುತ್ತಿರಲಿಲ್ಲ. ಮೊದಲ ಹೆಂಡತಿ ಇರುವಾಗಲೇ ಇನ್ನೊಬ್ಬಳ ಕೈಹಿಡಿದವನ ಮನೆಯ ವ್ಯಾಜ್ಯ 2000ದಲ್ಲಿ ತೀರಿತು: ಎರಡನೆಯವಳಿಗೆ ವಿಧವೆಯ ಸ್ಥಾನವಿಲ್ಲ, ಆದರೆ ಅವಳ ಮಕ್ಕಳಿಗೆ ಪಾಲುಂಟು. ತಪ್ಪು ಮಾಡಿದವನು ಹೊರಟುಹೋದ. ಅದರ ಭಾರವನ್ನು ಹಸುಳೆಗಳ ತಲೆಗೆ ಹೊರಿಸಲು ಕಾನೂನು ಒಪ್ಪಲಿಲ್ಲ.

ಉಳಿದ ಮೂರನೆಯ ಶಬ್ದ ಅನುಕಂಪ. ಅದು ಮಾತ್ರ ತನ್ನ ಅರ್ಥಕ್ಕೆ ನಿಷ್ಠವಾಗಿದೆ. ಇಂಥ ನೌಕರಿ ಪಿತ್ರಾರ್ಜಿತವಲ್ಲ, ಒಮ್ಮೆಲೇ ಕುಸಿದ ಮನೆಗೆ ಕೊಡುವ ಊರುಗೋಲು ಎಂದು 1994ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಕರ್ನಾಟಕದ 1996ರ ನಿಯಮಗಳಂತೆ ನೌಕರನು ಸತ್ತ ಒಂದು ವರ್ಷದೊಳಗೆ ಅರ್ಜಿ ಸಲ್ಲಬೇಕು. ದುಃಖಕ್ಕೆ ಕಾಲಮಿತಿಯಿಲ್ಲ; ಅರ್ಜಿಗೆ ಇದೆ. ವರ್ಷಾಬ್ದಿಕ ಮುಗಿಯಲೆಂದು ಕಾದವರು ಅವಕಾಶವನ್ನೇ ಕಳೆದುಕೊಂಡಾರು.

ಇಷ್ಟೆಲ್ಲಾ ಕೇಳಿದ ಮೇಲೆ, ಗಂಡ ಬದುಕಿರುವಾಗ ಈ ಮಾತುಗಳನ್ನಾಡುವುದು ಅಶುಭವೆನ್ನುವ ನಮ್ಮ ಸಂಕೋಚ ಎಷ್ಟು ದುಬಾರಿಯಾದುದೆಂದು ತೋರದಿರದು. ದಸರೆಯಲ್ಲಿ ಬೊಂಬೆಗಳ ಪೆಟ್ಟಿಗೆ ತೆಗೆಯುವಾಗ ಅದರ ಪಕ್ಕದ ಕಾಗದಗಳ ಪೆಟ್ಟಿಗೆಯನ್ನೂ ಒಮ್ಮೆ ತೆರೆಯಬಹುದು. ನಮೂನೆಯಲ್ಲಿರುವ ಹೆಸರು ಯಾರದು, ಸೇವಾ ಪುಸ್ತಕದಲ್ಲಿ ಮಡದಿ ಮಕ್ಕಳ ಹೆಸರು ಸರಿಯಾಗಿ ಬಿದ್ದಿದೆಯೆ, ಕಡತದ ಸಂಖ್ಯೆ ಏನು ಎಂಬುದನ್ನು ಆಕೆಗೆ ತೋರಿಸಲು ಅರ್ಧ ಗಂಟೆ ಸಾಕು. ಮುಂದೆಂದಾದರೂ ಆಕೆ ಒಂಟಿಯಾಗಿ ಕಚೇರಿಗೆ ಹೋಗಬೇಕಾಗಿ ಬಂದರೆ ಕೈಜೋಡಿಸಿ ದಯೆಯನ್ನು ಬೇಡಬೇಕಾಗಿಲ್ಲ. “ಸ್ವಾಮಿ, ನಮ್ಮ ಯಜಮಾನರ ದುಡಿಮೆಯ ಬಾಕಿ ಕೇಳಲು ಬಂದಿದ್ದೇನೆ. ಅರ್ಜಿ ತಲುಪಿತೆಂದು ಬರೆದು ಸಹಿ ಹಾಕಿಕೊಡಿ” ಎಂದರೆ ಸಾಕು.