ಬಿದ್ದಷ್ಟೂ ಖುಷಿ

ಊಟವಾದ ಮೇಲೆ ಗ್ರಾಫ್ ಹಾಳೆ ಹರಡಿಕೊಂಡು ಪೆನ್ಸಿಲಿನಿಂದ ಚುಕ್ಕೆ ಇಡುವುದು ನನ್ನ ಹವ್ಯಾಸ. "ಏನ್ರೀ, ಮತ್ತೆ ಷೇರು ಬಿತ್ತಾ?" ಎನ್ನುತ್ತಾಳೆ ನನ್ನಾಕೆ. ಬಿದ್ದದ್ದೇನೋ ನಿಜ. ಆದರೆ ಷೇರಲ್ಲ, ಸಿಗ್ನಸ್ ಎಕ್ಸ್-3. ಅದು ಬಿದ್ದಷ್ಟೂ ನನಗೆ ಖುಷಿ.

ಸೆಪ್ಟೆಂಬರಿನ ಸಂಜೆ ಉತ್ತರಕ್ಕೆ ತಿರುಗಿ ತಲೆಯೆತ್ತಿದರೆ ಹಂಸ ನಕ್ಷತ್ರಪುಂಜ ಕಾಣುತ್ತದಲ್ಲ, ಅದರ ಎದೆಯ ಚುಕ್ಕೆಯಿಂದ ಸುಮಾರು ಎರಡು ಡಿಗ್ರಿ ಆಚೆಗೆ ಇದರ ಮನೆ. ನಡುವೆ ಆಕಾಶಗಂಗೆಯ ದೂಳು ದಟ್ಟವಾಗಿರುವುದರಿಂದ ಕಣ್ಣಿಗೆ ಸಿಗದು. ಎಕ್ಸ್ ಕಿರಣ, ಅವಕೆಂಪು, ರೇಡಿಯೊ ಅಲೆಗಳಷ್ಟೇ ತೂರಿಕೊಂಡು ಬರುತ್ತವೆ. ಅಲ್ಲಿರುವುದು ಜೋರಾಗಿ ಅನಿಲ ಉಗುಳುವ ವುಲ್ಫ್-ರಾಯೆ ನಕ್ಷತ್ರ ಮತ್ತು ಅದನ್ನು ನುಂಗುವ ಪುಟ್ಟ ಜೊತೆಗಾರ. ಬಹುಶಃ ಕಪ್ಪುಕುಳಿ. ಒಂದು ಸುತ್ತಿಗೆ 4.8 ಗಂಟೆ.

1972ರ ಸೆಪ್ಟೆಂಬರ್ 2ರಂದು ಕೆನಡಾದ ಅಲ್ಗಾಂಕ್ವಿನ್ ರೇಡಿಯೊ ವೀಕ್ಷಣಾಲಯದಲ್ಲಿ ಖಗೋಳಜ್ಞ ಫಿಲಿಪ್ ಗ್ರೆಗರಿ 46 ಮೀಟರಿನ ಆಂಟೆನಾವನ್ನು ಇತ್ತ ತಿರುಗಿಸಿದರು. ರೇಡಿಯೊ ಹೊಳಪಿನ ಅಳತೆಯಾದ ಜಾನ್ಸ್ಕಿಯಲ್ಲಿ ಎಂದೂ ಒಂದನ್ನೂ ಮುಟ್ಟದೆ ಮಂಕಾಗಿರುತ್ತಿದ್ದ ಈ ಬಡಪಾಯಿ ಅಂದು ಇಪ್ಪತ್ತರ ಆಸುಪಾಸಿನಲ್ಲಿ ಅಬ್ಬರಿಸುತ್ತಿತ್ತು! ಸುದ್ದಿ ಹೋದಲ್ಲೆಲ್ಲ ದೂರದರ್ಶಕಗಳು ಅದರತ್ತ ಹೊರಳಿದವು. ಅಕ್ಟೋಬರ್ 23ರ 'ನೇಚರ್ ಫಿಸಿಕಲ್ ಸೈನ್ಸ್' ಸಂಚಿಕೆಯ ತುಂಬ ಅದರದೇ ಲೇಖನಗಳು.

ಆದರೆ ನನಗೆ ರುಚಿಸುವುದು ಅಬ್ಬರಕ್ಕಿಂತ ಅದರ ಮುನ್ನಿನ ದಿನಗಳು. ದೊಡ್ಡ ಸ್ಫೋಟಕ್ಕೆ ಮೊದಲು ಸಿಗ್ನಸ್ ಎಕ್ಸ್-3ರ ರೇಡಿಯೊ ಮಾಮೂಲಿಗಿಂತ ಬಹಳ ಕೆಳಗೆ, ಕೆಲವೇ ಮಿಲಿಜಾನ್ಸ್ಕಿಗಳಿಗೆ ಕುಸಿಯುತ್ತದೆ. ಗಡಸು ಎಕ್ಸ್ ಕಿರಣವೂ ಅಡಗುತ್ತದೆ, ಮೆದು ಕಿರಣ ಮಾತ್ರ ಏರಿರುತ್ತದೆ. ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಧಾರೆ ಆಗ ನಿಂತುಹೋಗಿರುತ್ತದೆ ಎನ್ನುತ್ತಾರೆ ಬಲ್ಲವರು. ಅದು ಮರಳಿ ಚಿಮ್ಮಿದಾಗ ಎಲೆಕ್ಟ್ರಾನುಗಳು ಬೆಳಕಿನ ವೇಗದ ಸಮೀಪಕ್ಕೆ ಹೋಗಿ, ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತ ರೇಡಿಯೊ ಅಲೆಗಳನ್ನು ಚೆಲ್ಲುತ್ತವೆ. ಗಿಡ್ಡ ಅಲೆಗಳು ಮೊದಲು ಶಿಖರ ಮುಟ್ಟುತ್ತವೆ. ಉಗುಳಿದ ಮೋಡ ಹಿಗ್ಗಿ ತೆಳುವಾದಂತೆ ಉದ್ದನೆಯವು ಹಿಂದಿನಿಂದ ಬರುತ್ತವೆ. ಪ್ರಕಟವಾದ ಅಳತೆಗಳನ್ನು ತಂದು ಬೇರೆ ಬೇರೆ ಬಣ್ಣದಲ್ಲಿ ಎಳೆದಾಗ ಈ ಹಿಂದುಮುಂದು ಎದ್ದು ಕಾಣುತ್ತದೆ. ಕಂಪ್ಯೂಟರ್ ಇದನ್ನು ಚಿಟಿಕೆಯಲ್ಲಿ ಮಾಡೀತು, ಬಲ್ಲೆ. ಆದರೆ ಕೈಯಿಂದ ಎಳೆದರೆ, ಮುಂದಿನ ಚುಕ್ಕೆ ಎಲ್ಲಿ ಬೀಳಬಹುದೆಂದು ಬೆರಳೇ ಊಹಿಸತೊಡಗುತ್ತದೆ.

ಮಾಮೂಲಿ ಗ್ರಾಫ್ ಹಾಳೆ ಇದಕ್ಕೆ ಸಾಲದು. ಸಾವಿರ ಪಟ್ಟು ಏರುವವನನ್ನು ಹಿಡಿಸಲು ಸೆಮಿಲಾಗ್ ಹಾಳೆಯೇ ಆಗಬೇಕು. ಅದು ಸಿಗುವುದು ಎಂಜಿನಿಯರಿಂಗ್ ಕಾಲೇಜಿನ ಎದುರಿನ ಅಂಗಡಿಯಲ್ಲಿ. "ಯಾವ ಸೆಮಿಸ್ಟರು ಸಾರ್, ಮಗಂದು?" ಎಂದು ಅಂಗಡಿಯವನು ಕೇಳುತ್ತಾನೆ. "ಕೊನೇದು" ಎಂದು ಕಾಸು ಕೊಟ್ಟು ಬರುತ್ತೇನೆ.