ವ್ರತದ ನಷ್ಟವನ್ನು ಯಾರು ಹೊರಬೇಕು?

ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳಲ್ಲಿ ಎರಡನೆಯದಾದ ಪ್ರಮೋದವು ಗುಣವಂತರನ್ನು ಕಂಡು ಹರ್ಷಪಡುವುದನ್ನು ಕಲಿಸುತ್ತದೆ. ಆ ಗುಣವಂತರು ನಮ್ಮ ಬಸದಿಗೆ ಬರುವವರೇ ಆಗಿರಬೇಕೆಂಬ ಕಟ್ಟು ಇಲ್ಲ. ಈ ಭಾವನೆಯಿಂದಲೇ ಕೆಲವು ವರ್ಷಗಳಿಂದ ಮೆನ್ನೊನೈಟರೆಂಬ ಕ್ರೈಸ್ತ ಪಂಥದವರ ಚರಿತ್ರೆಯನ್ನು ಓದುತ್ತ ಬಂದಿದ್ದೇನೆ. ಶಸ್ತ್ರ ಹಿಡಿಯುವುದಿಲ್ಲ, ಆಣೆ ಇಡುವುದಿಲ್ಲ ಎಂಬ ನಿಯಮಗಳನ್ನು ಐದು ಶತಮಾನಗಳಿಂದ ಉಳಿಸಿಕೊಳ್ಳಲು ಶ್ರಮಿಸುತ್ತಿರುವ ಜನರಿವರು. ತತ್ತ್ವದಲ್ಲಿ ಅವರಿಗೂ ನಮಗೂ ಬಹಳ ಅಂತರವಿದೆ. ಅವರು ಸೃಷ್ಟಿಕರ್ತನಾದ ದೇವರನ್ನು ನಂಬುವವರು. ಮಾಂಸಾಹಾರವು ಅವರಿಗೆ ನಿಷಿದ್ಧವಲ್ಲ. ಅವರ ಅಹಿಂಸೆಯು ಮುಖ್ಯವಾಗಿ ಮನುಷ್ಯರಿಗೆ ಸಂಬಂಧಿಸಿದುದು. ಆದರೂ ವ್ರತವು ಗೃಹಸ್ಥರ ಸಮಾಜದಲ್ಲಿ ಹೇಗೆ ಉಳಿಯುತ್ತದೆ, ಹೇಗೆ ಸಡಿಲಾಗುತ್ತದೆ ಎಂಬುದನ್ನು ತಿಳಿಯಲು ಅವರ ಇತಿಹಾಸವು ಅತ್ಯಂತ ಉಪಯುಕ್ತವೆಂದು ನನ್ನ ಭಾವನೆ.

ಈ ಪಂಥದ ಮೂಲ 1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿದೆ. ಎಳೆಗೂಸಿಗೆ ಕೊಡುವ ದೀಕ್ಷಾಸ್ನಾನವು ಅರ್ಥಹೀನ, ತಿಳಿವಳಿಕೆ ಬಂದ ಮೇಲೆ ಮನುಷ್ಯನು ತಾನೇ ವಿಚಾರಿಸಿ ದೀಕ್ಷೆಯನ್ನು ಬೇಡಬೇಕು ಎಂದು ಕೆಲವು ಯುವಕರು ಅಂದು ಒಬ್ಬರಿಗೊಬ್ಬರು ಮತ್ತೆ ದೀಕ್ಷೆ ಕೊಟ್ಟುಕೊಂಡರು. ನಗರಸಭೆಯು ಇದನ್ನು ಅಪರಾಧವೆಂದು ಸಾರಿತು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾನ್ಜ್ ಎಂಬವನನ್ನು 1527ರಲ್ಲಿ ಲಿಮ್ಮಾತ್ ನದಿಯಲ್ಲಿ ಮುಳುಗಿಸಿ ಕೊಂದರು. ಮುಂದೆ 1536ರಲ್ಲಿ ನೆದರ್‌ಲೆಂಡಿನ ಮೆನ್ನೊ ಸೈಮನ್ಸ್ ಎಂಬ ಪಾದ್ರಿಯು ತನ್ನ ಪದವಿಯನ್ನು ತೊರೆದು ಈ ಚದುರಿದ ಜನರನ್ನು ಸಂಘಟಿಸಿದನು. ಆತನ ಹೆಸರಿನಿಂದಲೇ ಪಂಥಕ್ಕೆ ಮೆನ್ನೊನೈಟ್ ಎಂಬ ಹೆಸರಾಯಿತು.

1569ರಲ್ಲಿ ಅದೇ ನಾಡಿನ ಆಸ್ಪೆರೆನ್ ಎಂಬ ಊರಿನಲ್ಲಿ ನಡೆದ ಸಂಗತಿಯನ್ನು ಅವರು ಇಂದಿಗೂ ಮಕ್ಕಳಿಗೆ ಹೇಳುತ್ತಾರೆ. ಡಿರ್ಕ್ ವಿಲ್ಲೆಮ್ಸ್ ಎಂಬವನು ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡಿದನು. ಬೆನ್ನಟ್ಟಿ ಬಂದ ಕಾವಲಿನವನ ಕಾಲಡಿಯಲ್ಲಿ ಮಂಜುಗಡ್ಡೆ ಒಡೆಯಿತು. ಡಿರ್ಕ್ ಹಿಂದಿರುಗಿ ಬಂದು ಅವನನ್ನು ಮೇಲಕ್ಕೆತ್ತಿದನು, ಅಲ್ಲಿಯೇ ಸೆರೆಸಿಕ್ಕನು, ಬಳಿಕ ಬೆಂಕಿಗೆ ಆಹುತಿಯಾದನು. ನಮ್ಮ ಆಚಾರ್ಯರು ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯ ತ್ಯಾಗವನ್ನು ವಿಧಿಸಿ, ಆತ್ಮರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆಯ ವಿಷಯದಲ್ಲಿ ಸಡಿಲಿಕೆ ತೋರಿದ್ದಾರೆ. ಈ ಪಂಥದವರು ಗೃಹಸ್ಥನಿಗೂ ಆ ಸಡಿಲಿಕೆಯನ್ನು ಕೊಡಲಿಲ್ಲ.

ಇವರು ನಮಗೆ ದೂರದವರೇನೂ ಅಲ್ಲ. 1860ರಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಉಕ್ರೇನಿನಲ್ಲಿ, ಹುಟ್ಟಿದ ಮೆನ್ನೊನೈಟ್ ಬ್ರದರೆನ್ ಎಂಬ ಶಾಖೆಯ ಪ್ರಚಾರಕರು 1889ರ ಸುಮಾರಿಗೆ ನಿಜಾಮನ ರಾಜ್ಯಕ್ಕೆ ಬಂದರು. ನಲಗೊಂಡ, ಮಹಬೂಬನಗರದ ಸೀಮೆಗಳಲ್ಲಿ ಅವರ ಸಭೆಗಳು ಬೆಳೆದವು. ಬಹುಮಟ್ಟಿಗೆ ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಜನರೇ ಅವುಗಳನ್ನು ಸೇರಿದರು. ಇನ್ನೊಂದು ಶಾಖೆಯು 1899ರಲ್ಲಿ ಇಂದಿನ ಛತ್ತೀಸಗಡದ ಧಮ್ತರಿಗೆ ಬಂದು, ಆ ವರ್ಷದ ಘೋರ ಬರಗಾಲದಲ್ಲಿ ಅನ್ನದಾನ ಹಾಗೂ ಅನಾಥರ ಪೋಷಣೆಯಿಂದ ತನ್ನ ಕೆಲಸವನ್ನು ಆರಂಭಿಸಿತು. ಇಂದು ಭಾರತದಲ್ಲಿ ಮೆನ್ನೊನೈಟರ ಸಂಖ್ಯೆ ಎರಡು ಲಕ್ಷವನ್ನು ಮೀರಿದೆ.

ಜವಳಿ ವ್ಯಾಪಾರದ ನಿಮಿತ್ತ ನಾನು ರಾಮದುರ್ಗದಿಂದ ರಾಯಚೂರಿನ ಮಾರ್ಗವಾಗಿ ನಾರಾಯಣಪೇಟೆಗೆ ಸೀರೆ ತರಲು ಹೋಗುತ್ತಿದ್ದೆನು. ಆ ಸೀಮೆಯಲ್ಲಿ ಕನ್ನಡವೂ ನಡೆಯುತ್ತದೆ. ಈ ಸಭೆಗೆ ಸೇರಿದ ನಿವೃತ್ತ ಶಿಕ್ಷಕರೊಬ್ಬರ ಪರಿಚಯ ನನಗೆ ಅಲ್ಲಿ ಆಯಿತು. ಒಮ್ಮೆ ನಾನು, "ನಿಮ್ಮ ಮನೆಯಲ್ಲಿ ಎಷ್ಟು ಜನ ಕ್ರೈಸ್ತರು?" ಎಂದು ಸಹಜವಾಗಿ ಕೇಳಿದೆ. ಅವರು, "ಮೂವರು, ಸಾವಕಾರರೇ. ಕಿರಿಯ ಮಗ ಇನ್ನೂ ನಿಶ್ಚಯಿಸಿಲ್ಲ" ಎಂದರು. ಮಗನಿಗೆ ಆಗ ಹತ್ತೊಂಬತ್ತು ವರ್ಷ. ಭಾನುವಾರ ತಪ್ಪದೆ ಪ್ರಾರ್ಥನೆಗೆ ಹೋಗುತ್ತಿದ್ದ ಹುಡುಗ. ತಾನಾಗಿ ಬಂದು ಸಭೆಯ ಮುಂದೆ ತನ್ನ ನಂಬಿಕೆಯನ್ನು ಹೇಳಿ ನೀರಿಗಿಳಿಯುವವರೆಗೆ ಅವನನ್ನು ಸದಸ್ಯನೆಂದು ಎಣಿಸುವುದಿಲ್ಲವಂತೆ. ನಮ್ಮ ಮನೆಗಳಲ್ಲಿ ಮಗು ತೊಟ್ಟಿಲಲ್ಲಿರುವಾಗಲೇ ಜೈನನು. ಅದು ಪುಣ್ಯವೇ ಸರಿ, ಆದರೆ ಆ ಮಗು ಪ್ರಾಯಕ್ಕೆ ಬಂದಾಗ "ಈ ಅಣುವ್ರತಗಳಲ್ಲಿ ನೀನು ಯಾವುದನ್ನು ತಿಳಿದು ಸ್ವೀಕರಿಸುವಿ?" ಎಂದು ಕೇಳುವ ತಂದೆತಾಯಿಗಳು ಎಷ್ಟು ಮಂದಿ ಇದ್ದಾರೆ?

ಆಣೆಯ ವಿಷಯವೂ ಹೀಗೆಯೇ. ಆಣೆ ಇಟ್ಟಾಗ ಮಾತ್ರ ಸತ್ಯವಾದರೆ ಉಳಿದ ಹೊತ್ತಿನ ಮಾತಿಗೆ ಬೆಲೆ ಏನು ಎಂಬುದು ಅವರ ವಾದ. ನ್ಯಾಯಾಲಯದಲ್ಲಿಯೂ ಅವರು ಪ್ರಮಾಣ ಮಾಡದೆ ದೃಢವಚನವನ್ನಷ್ಟೇ ಹೇಳುತ್ತಾರೆ. ನಮ್ಮ ದೇಶದ 1969ರ ಪ್ರಮಾಣವಚನ ಕಾಯಿದೆಯೂ ಇದಕ್ಕೆ ಅವಕಾಶ ಕೊಟ್ಟಿದೆ. ದಿನಕ್ಕೆ ಹತ್ತು ಸಲ ದೇವರಾಣೆ, ಮಕ್ಕಳಾಣೆ ಕೇಳಿಬರುವ ನಮ್ಮ ಪೇಟೆಗಳಲ್ಲಿ ಇದನ್ನು ನೆನೆಯುವುದು ಒಳ್ಳೆಯದು.

ತಿಳಿದು ಸ್ವೀಕರಿಸಿದ ವ್ರತವಾದರೂ ಕಷ್ಟಕಾಲದಲ್ಲಿ ನಿಲ್ಲುತ್ತದೆಯೇ? ನಮ್ಮ ರಾಮದುರ್ಗದಲ್ಲಿ 1939ರ ಏಪ್ರಿಲ್‌ನಲ್ಲಿ ನಡೆದುದನ್ನು ಹಿರಿಯರಿಂದ ಕೇಳಿ ಬೆಳೆದವರು ನಾವು. ಅಹಿಂಸೆಯ ಹೆಸರಿನಲ್ಲಿ ನಡೆದ ಪ್ರಜಾ ಚಳವಳಿಯು ಒಂದೇ ದಿನದಲ್ಲಿ ಕೆರಳಿ ಪೊಲೀಸರ ಹತ್ಯೆಯಲ್ಲಿ ಮುಗಿಯಿತು. ಘೋಷಣೆಯಾಗಿ ಹಿಡಿದ ಅಹಿಂಸೆ ಸಿಟ್ಟಿನ ಮುಂದೆ ನಿಲ್ಲಲಿಲ್ಲ. ಮೆನ್ನೊನೈಟರೂ ಇದಕ್ಕೆ ಹೊರತಲ್ಲ. 1918-19ರಲ್ಲಿ ಉಕ್ರೇನಿನ ಅವರ ಹಳ್ಳಿಗಳು ಲೂಟಿಗೆ ತುತ್ತಾದಾಗ ಅಲ್ಲಿನ ಯುವಕರು ಬಂದೂಕು ಹಿಡಿದರು. ಅದು ತಪ್ಪಾಯಿತೆಂದು ಅವರಲ್ಲಿ ಅನೇಕರು ಮುಂದೆ ಒಪ್ಪಿದರು. ಅದೇ ಸೀಮೆಯಲ್ಲಿ 1860ರ ದಶಕದ ಹೊತ್ತಿಗೆ ಅವರ ಕುಟುಂಬಗಳಲ್ಲಿ ಬಹುಭಾಗವು ಭೂಮಿಯಿಲ್ಲದೆ, ಸ್ವಜನರಾದ ಜಮೀನುದಾರರೊಡನೆ ಕಲಹಕ್ಕಿಳಿದಿತ್ತು. ಬಹಿಷ್ಕಾರವು ಎಷ್ಟು ಕಠಿಣವಾಗಿರಬೇಕೆಂಬ ವಾದದಿಂದ 1693ರಲ್ಲಿ ಆಮಿಶ್ ಪಂಥ ಒಡೆದು ಬೇರೆಯಾಯಿತು.

ಇಷ್ಟೆಲ್ಲ ದೋಷಗಳ ನಡುವೆಯೂ ವ್ರತವು ಉಳಿದುದಕ್ಕೆ ನನಗೆ ಕಂಡ ಕಾರಣ ಒಂದು. ವ್ರತಿಯ ನಷ್ಟವನ್ನು ಅವರು ವ್ರತಿಯೊಬ್ಬನ ಮೇಲೆಯೇ ಬಿಡಲಿಲ್ಲ. 1874ರಲ್ಲಿ ರಷ್ಯಾ ಸರಕಾರವು ಕಡ್ಡಾಯ ಸೈನ್ಯಸೇವೆಯನ್ನು ತಂದಿತು. ಆ ಕಾಲದಲ್ಲಿ ಸುಮಾರು 18,000 ಜನರು ಮನೆಮಾರು ಬಿಟ್ಟು ಉತ್ತರ ಅಮೆರಿಕಕ್ಕೆ ಹೋದರು. ಅಲ್ಲಿ ಮೊದಲೇ ನೆಲೆಸಿದ್ದ ಸಹೋದರರು ಅವರ ಪ್ರಯಾಣಕ್ಕೆ ಹಣ ಕೂಡಿಸಿದರು. ಉಳಿದವರು ಸೈನ್ಯಕ್ಕೆ ಬದಲಾಗಿ ಅರಣ್ಯಸೇವೆಯನ್ನು ಒಪ್ಪಿಕೊಂಡು, ಆ ಹುಡುಗರ ಖರ್ಚಿಗಾಗಿ ತಮ್ಮ ಆಸ್ತಿಗಳ ಮೇಲೆ ತಾವೇ ತೆರಿಗೆ ಹಾಕಿಕೊಂಡರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಕರೆ ಬಂದ ಅವರ ಯುವಕರಲ್ಲಿ ಅನೇಕರು ಸೈನ್ಯವನ್ನು ಸೇರಿದ್ದುಂಟು. ಆದರೆ 4,000ಕ್ಕೂ ಹೆಚ್ಚು ಮಂದಿ ಯುದ್ಧವನ್ನು ನಿರಾಕರಿಸಿ ಕಾಡುಗಳಲ್ಲಿ, ಹುಚ್ಚಾಸ್ಪತ್ರೆಗಳಲ್ಲಿ ದುಡಿದರು. ಅವರಿಗೆ ಸರಕಾರದ ಸಂಬಳವಿರಲಿಲ್ಲ. ಶಿಬಿರಗಳ ವೆಚ್ಚವನ್ನು ಅವರ ಸಭೆಗಳು ಹೊತ್ತವು. ಒಬ್ಬನ ಕಣಜ ಸುಟ್ಟರೆ ಊರೆಲ್ಲ ಸೇರಿ ಕಟ್ಟಿಕೊಡುವ ಪದ್ಧತಿಯೂ ಅವರಲ್ಲಿದೆ.

ನಮ್ಮಲ್ಲಿ ಇದಕ್ಕೆ ಹೆಸರಿಲ್ಲವೇ? ಇದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತೀಕರಣವೂ ಒಂದು. ಧರ್ಮದಿಂದ ಜಾರುತ್ತಿರುವವನನ್ನು ಮತ್ತೆ ಅದರಲ್ಲಿ ನಿಲ್ಲಿಸುವುದೇ ಸ್ಥಿತೀಕರಣ. ಇದನ್ನು ನಾವು ಉಪದೇಶದಿಂದ ಮಾಡಬೇಕಾದ ಕೆಲಸವೆಂದಷ್ಟೇ ತಿಳಿದಿದ್ದೇವೆ.

ಈ ಭಾಗದ ಒಂದು ಊರಿನಲ್ಲಿ ನಡೆದುದನ್ನು ಹೇಳುತ್ತೇನೆ. ಬೀಜ, ಗೊಬ್ಬರ, ಕ್ರಿಮಿನಾಶಕಗಳ ಅಂಗಡಿಯಿಟ್ಟಿದ್ದ ತರುಣನೊಬ್ಬನು ಮುನಿಗಳ ಚಾತುರ್ಮಾಸದಲ್ಲಿ ವ್ರತ ತೆಗೆದುಕೊಂಡು ಕ್ರಿಮಿನಾಶಕಗಳ ಮಾರಾಟವನ್ನು ಬಿಟ್ಟನು. ಸಮಾಜವು ಅವನಿಗೆ ಶಾಲು ಹೊದಿಸಿ ಸನ್ಮಾನಿಸಿತು. ರೈತನು ಎಲ್ಲವೂ ಒಂದೇ ಕಡೆ ಸಿಗುವ ಅಂಗಡಿಗೆ ಹೋಗುವುದು ಸಹಜ. ಎರಡು ಹಂಗಾಮಿನಲ್ಲಿ ಅವನ ಗಿರಾಕಿಗಳು ಕರಗಿದರು. ಬೇರೆ ವ್ಯಾಪಾರ ಹೂಡಲು ಅವನಿಗೆ ಬಡ್ಡಿಯಿಲ್ಲದ ಸಾಲ ಕೊಡಬೇಕೆಂದು ನಾನು ಅಲ್ಲಿನ ಸಭೆಯಲ್ಲಿ ಸೂಚಿಸಿದೆ. "ಮುಂದೆ ವಿಚಾರಿಸುವುದು" ಎಂದು ನಡವಳಿಯಲ್ಲಿ ಬರೆದುಕೊಂಡರು. ಅದೇ ಸಭೆಯಲ್ಲಿ ಶಿಖರದ ಕಲಶಕ್ಕೆ ಹೊಸ ಲೇಪನದ ಖರ್ಚು ಚರ್ಚೆಯಿಲ್ಲದೆ ಮಂಜೂರಾಯಿತು. ಮೂರನೆಯ ವರ್ಷ ಆ ತರುಣನು ಮತ್ತೆ ಹಳೆಯ ದಾಸ್ತಾನಿಗೆ ಮರಳಿದನು. ಅವನನ್ನು ವ್ರತಭಂಗ ಮಾಡಿದವನೆಂದು ಆಡಿಕೊಂಡವರು ಬಹಳ. ಆ ಭಂಗದಲ್ಲಿ ನಡವಳಿ ಪುಸ್ತಕದ ಪಾಲು ಎಷ್ಟೆಂದು ಕೇಳಿದವರಿಲ್ಲ.

ಕಲಶವೂ ಬೇಕು, ಶಿಖರವೂ ಬೇಕು. ನಮ್ಮ ಟ್ರಸ್ಟುಗಳ ಧರ್ಮದರ್ಶಿಗಳಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಆಯವ್ಯಯ ಪತ್ರಿಕೆಯಲ್ಲಿ ಸ್ಥಿತೀಕರಣ ನಿಧಿ ಎಂಬ ಒಂದು ಶೀರ್ಷಿಕೆಯನ್ನು ತೆರೆಯಿರಿ. ಟ್ರಸ್ಟಿನ ಪತ್ರದಲ್ಲಿ ಅವಕಾಶವಿಲ್ಲದಿದ್ದರೆ ಹತ್ತು ಮನೆಗಳವರು ಸೇರಿ ಬೇರೆಯಾಗಿ ಕೂಡಿಸಿರಿ. ಮೊತ್ತ ಚಿಕ್ಕದಿರಲಿ, ಚಿಂತೆಯಿಲ್ಲ. ಮುಂದಿನ ಚಾತುರ್ಮಾಸದಲ್ಲಿ ತರುಣನೊಬ್ಬನು ವ್ರತಕ್ಕಾಗಿ ಕೈಮುಗಿದು ನಿಂತಾಗ, ಅದರಿಂದ ಅವನಿಗೆ ಆಗುವ ನಷ್ಟದ ಲೆಕ್ಕವನ್ನೂ ಅಂದೇ ಕೇಳಿಕೊಳ್ಳೋಣ.